ಒಂದೇ ಸ್ವರದ ಹುಡುಗ

ಹುಡುಗ ದೇವಸ್ಥಾನದ ಓಲಗದಲ್ಲಿ ಊದುತ್ತಾನೆಂದು ಕೇಳಿ, ಹುಡುಗಿಯ ಅಪ್ಪ ಹಿಗ್ಗಿ ಹೆಣ್ಣು ತೋರಿಸಲು ಒಪ್ಪಿದ್ದರು. ಉಪ್ಪಿಟ್ಟಾದ ಮೇಲೆ, “ಏನಾದ್ರೂ ನುಡಿಸಪ್ಪ, ಕೇಳೋಣ” ಎಂದರು.

ಹುಡುಗ ವಾದ್ಯ ತೆಗೆದು, ದೇವರನ್ನು ನೆನೆದು ಊದಿದ. ‘ಸ’ ಎಂದು ಹೊರಟ ನಾದ ‘ಸ’ದಲ್ಲೇ ನಿಂತುಬಿಟ್ಟಿತು.

“ಮುಂದಿನ ಸ್ವರ?”

“ಅದೆಲ್ಲ ನಮ್ಮಣ್ಣಂದು, ಮಾವ. ನಾನು ಶ್ರುತಿ ಹಿಡಿಯೋನು. ಅವನು ರಾಗದಲ್ಲಿ ಎಲ್ಲೆಲ್ಲಿ ಸುತ್ತಿದ್ರೂ ತಿರುಗಿ ಬರೋಕೆ ಈ ‘ಸ’ ಇಲ್ಲೇ ಇರಬೇಕಲ್ಲ.”

“ಮಾವ ಅನ್ನೋದು ಆಮೇಲಾಗಲಿ. ಜೀವನಪೂರ್ತಿ ಇದೊಂದೇ ಸ್ವರಾನಾ?”

“ಹೂಂ.”

“ಇನ್ನೊಂದ್ಸಲ ಊದು. ಬೇಡ ಅನ್ನೋದನ್ನ ಅವಳೇ ಹೇಳಲಿ.”

ಹುಡುಗ ಅಳುಕುತ್ತಲೇ ಊದಿದ. ಅಡುಗೆಮನೆಯಿಂದ ಹುಡುಗಿ ಅದೇ ಶ್ರುತಿಗೆ ದೇವರನಾಮ ಎತ್ತಿಕೊಂಡಳು. ಹಾಡು ಮೇಲೆ ಕೆಳಗೆ ಮನಸಾರೆ ಸುತ್ತಾಡಿ, ಅವನ ‘ಸ’ಕ್ಕೇ ಬಂದು ಕೂತಿತು.