ಮಡಿಬಟ್ಟೆಯಲ್ಲಿ ನಿಲ್ಲದ ಮುಖ

ತೀರಿಕೊಂಡ ಹೆಂಡತಿ ಗೋದಾಬಾಯಿಯ ಮೂರು ನೆನಪುಗಳನ್ನು ಸ್ವಾಮಿರಾಯರು ಆಗಲೇ ಹಾಳುಮಾಡಿಕೊಂಡಿದ್ದರು. ನೆನಪು ಅಚ್ಚುಹಾಕುವ ಯಂತ್ರದ ಮೇಲೆ ಅಂಗೈಯಿಟ್ಟು ನೆನೆದರೆ ಚಿತ್ರ ಕಾಗದಕ್ಕೆ ಬರುತ್ತಿತ್ತು. ಆ ಕಾಗದವನ್ನು ಬಿಸಿಯಾಗಿ ಒತ್ತಿದರೆ ಚಿತ್ರ ಬಟ್ಟೆಗೆ ಇಳಿಯುತ್ತಿತ್ತು. ಇಳಿದ ನೆನಪು ತಲೆಯಲ್ಲಿ ಉಳಿಯುತ್ತಿರಲಿಲ್ಲ. ಮುಪ್ಪಿನ ಮರೆವಿಗೆ ಅಂಜಿದವರೆಲ್ಲ, ಬಟ್ಟೆಯಲ್ಲಾದರೂ ಉಳಿಯಲೆಂದು, ತಮ್ಮ ತಮ್ಮ ಮನೆಯಲ್ಲಿ ಹೀಗೆಯೇ ಮಾಡುತ್ತಿದ್ದರು. ಆದರೆ ದೇವರಮನೆಯಲ್ಲಿಡುವ ಬಟ್ಟೆ ಹತ್ತಿಯದೇ ಆಗಬೇಕೆಂದು ರಾಯರ ಹಟ. ಮಡಿಗೆಂದು ನೀರಲ್ಲಿ ಅದ್ದಿ ಹಿಂಡಿದಾಗ ಮೂರು ಸಲವೂ ಗೋದಾಬಾಯಿಯ ಮುಖ ನೀರಿನೊಡನೆ ಹರಿದುಹೋಗಿತ್ತು.

“ಹತ್ತಿ ಈ ಯಂತ್ರದ ಬಣ್ಣ ಹಿಡಿಯಂಗಿಲ್ಲಪ್ಪಾ. ಪಾಲಿಯೆಸ್ಟರ್ ಬೇಕು,” ಎಂದಳು ಮಗಳು ವೃಂದಾ.

“ಅದು ಮೈಲಿಗಿ!” ರಾಯರು ಹಸಿಬಟ್ಟೆಯನ್ನು ಬಕೆಟ್ಟಿಗೆ ಬಿಸಾಡಿದರು.

“ಅವ್ವಗೂ ಹಿಂಗs ಬೈತಿದ್ರಿ. ಇನ್ನೆಷ್ಟು ನೆನಪು ಉಳದಾವ?”

ರಾಯರು ಕಣ್ಣು ಮುಚ್ಚಿ ಹುಡುಕಿದರು. ಮುಖ ಸ್ಪಷ್ಟವಾಗಿ ಕಂಡದ್ದು ಒಂದರಲ್ಲೇ. ತಿಳಿಹಳದಿ ಪಾಲಿಯೆಸ್ಟರ್ ಸೀರೆಯುಟ್ಟ ಗೋದಾಬಾಯಿ ಹೂಬುಟ್ಟಿ ಹಿಡಿದು ದೇವರಮನೆಯ ಹೊಸ್ತಿಲಾಚೆ ನಿಂತಿದ್ದಳು. ಆ ಸೀರೆಯಲ್ಲಿ ಒಳಗೆ ಬರಬೇಡವೆಂದು ತಡೆದವರು ತಾವೇ.

ಸಿಟ್ಟು ಯಾರ ಮೇಲೆಂದು ತಿಳಿಯದೆ ಅವರು ಬಕೆಟ್ಟನ್ನು ಕಾಲಿನಿಂದ ಆಚೆ ತಳ್ಳಿದರು.

“ಆಕೀ ಹಳದಿ ಸೀರಿ ತಗೊಂಬಾ, ಈ ನೆನಪು ಅದರ ಮ್ಯಾಲೆನ ಇಳಸೋಣು,” ಎಂದರು ಕೊನೆಗೆ. “ದೇವರಮನಿ ಬಾಗಿಲಾನೂ ತಗಿ. ಆಕೀನ್ನ ಒಳಗ ಕರಿಯೋಣು.”