ಮಗಳ ವಯಸ್ಸು

ಸಂಚಾರಿ ಆಸ್ಪತ್ರೆಯ ಗಾಡಿ ಕಾಡಂಚಿನ ಹಾಡಿಗೆ ಬಂದಾಗಲೆಲ್ಲ ಅಲ್ಲಿನ ಒಬ್ಬ ಹೆಂಗಸು, ಮಗಳಿಗೆ ಜ್ವರ, ಮಲಗಿದ್ದಾಳೆ ಎಂದು ಹೇಳಿ ಸಿರಪ್ಪು ಒಯ್ಯುತ್ತಿದ್ದಳು. ಈ ಸಲ ಬಂದ ಡಾಕ್ಟರು ಹೊಸಬರು.

“ಮಗಳಿಗೆ ವಯಸ್ಸೆಷ್ಟು?”

“ಆರು ವರ್ಸ, ಸ್ವಾಮಿ.”

ಅವರು ಹಳೆಯ ಚೀಟಿಗಳನ್ನು ತಿರುವಿದರು. ಮೂರು ವರ್ಷದಿಂದಲೂ ಆರೇ! ಅವರ ಪಿತ್ತ ನೆತ್ತಿಗೇರಿತು.

“ಔಷಧಿ ಮಾರ್ಕೊಳ್ತಿದ್ದೀಯೇನಮ್ಮ? ನಡಿ, ಮಗೂನ ತೋರ್ಸು.”

ಅವಳು ಅವರನ್ನು ತನ್ನ ಗುಡಿಸಲನ್ನೂ ದಾಟಿ ಹೊಂಗೆಮರದ ಬುಡಕ್ಕೆ ಕರೆದೊಯ್ದಳು. ಅಲ್ಲೊಂದು ಪುಟ್ಟ ಮಣ್ಣಿನ ದಿಬ್ಬ. ಅದರ ಸುತ್ತ, ಮುಚ್ಚಳವನ್ನೇ ತೆರೆಯದ ಸೀಸೆಗಳು ಸಾಲಾಗಿ ನಿಂತಿದ್ದವು.

“ಸತ್ತೋರು ಕೇಳಿದ್ನೇ ತಾನೆ ಎಡೆ ಇಕ್ಕೋದು, ಸ್ವಾಮಿ? ಇವ್ಳು ಕಡೇಲಿ ಔಸ್ದಿ ಕೇಳಿದ್ಲು. ಆಗ ನಿಮ್ ಗಾಡಿ ಬತ್ತಿರ್ನಿಲ್ಲ.”