ಚಿಕ್ಕಮ್ಮನ ತೋಳು

“ಅಯ್ಯೋ, ಇದೂ ಚಿಕ್ಕಮ್ಮನ ತೋಳೇ!” ಸೊಸೆ ನಗುತ್ತ ಅಂಗಿಯನ್ನು ಎತ್ತಿ ಹಿಡಿದಳು. ಎಡಗಡೆಯ ತೋಳನ್ನು ಬಲಗಡೆಗೆ ಹೊಲಿದರೆ ಅತ್ತೆಯ ಟೈಲರ್ ಅಂಗಡಿಯಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು. ಇವತ್ತು ಬೇರೆ ಯಾರೂ ನಗಲಿಲ್ಲ. ಎಷ್ಟೋ ವರ್ಷದಿಂದ ಇತ್ತ ತಲೆ ಹಾಕದ ಅತ್ತೆಯ ತಂಗಿ ಬಾಗಿಲಲ್ಲಿ ನಿಂತಿದ್ದಳು.

“ಈ ಮಾತು ಎಲ್ಲಿಂದ ಬಂತು ಅಂತ ಸೊಸೆಗೆ ಹೇಳಿದ್ದೀಯಾ ಅಕ್ಕಾ?”

“ತಮಾಷೆಗೆ ಅಂತೀವಪ್ಪಾ. ಅದಕ್ಕೂ ಜಗಳ ತೆಗೀಬೇಡ.” ಅತ್ತೆ ಮಷಿನ್‌ನಿಂದ ಕಣ್ಣೆತ್ತಲಿಲ್ಲ.

ತಂಗಿ ಸೊಸೆಯತ್ತ ತಿರುಗಿದಳು. “ಆ ಚಿಕ್ಕಮ್ಮ ನಾನೇ. ಆಗ ಇಲ್ಲೇ ಹೊಲೀತಿದ್ದೆ. ನಮ್ಮ ಯಜಮಾನ್ರಿಗೆ ಸೀರಿಯಸ್ ಅಂತ ಆಸ್ಪತ್ರೆಯಿಂದ ಫೋನ್ ಬಂತಮ್ಮಾ. ಇದೊಂದು ಅಂಗಿ ಮುಗಿಸಿ ಹೋಗು ಅಂದ್ಲು ನಿಮ್ಮತ್ತೆ. ಗಾಬರೀಲಿ ತೋಳು ಅದಲುಬದಲಾಯ್ತು. ಆಗಲೂ ಬಿಡಲಿಲ್ಲ, ಬಿಚ್ಚಿಸಿ ಮತ್ತೆ ಹೊಲಿಸಿದ್ಲು. ನಾನು ಹೋಗೋ ಹೊತ್ತಿಗೆ ಅವರ ಮುಖಕ್ಕೆ ಬಟ್ಟೆ ಮುಚ್ಚಿದ್ರು.”

“ತಪ್ಪು ಹೊಲಿದಿದ್ದು ನೀನೇ ತಾನೆ?” ಎಂದು ಉರಿದುಬಿದ್ದ ಅತ್ತೆ, ಸೊಸೆಯನ್ನೂ ಗದರಿದಳು. “ಬಾಯಿ ಬಿಟ್ಕೊಂಡು ಏನು ನೋಡ್ತೀಯ? ಬಿಚ್ಚಿ ಹೊಲಿ!”

ಸೊಸೆ ಅಂಗಿಯನ್ನು ಅತ್ತೆಯ ಮಡಿಲಿಗೆ ಎಸೆದಳು.

“ಇದು ನಿಮ್ಮ ತೋಳು ಅತ್ತೆ. ನೀವೇ ಬಿಚ್ಚಿ.”